ನೂರಕ್ಕೆ ನಲವತ್ತೊಂದು

ಬೆಳಿಗ್ಗೆ ಏಳೂವರೆಗೆ, ಒಂದು ಕಾಲಿಗೆ ಸಾಕ್ಸ್ ಏರಿಸಿ ಇನ್ನೊಂದು ಕಾಲಿನದಕ್ಕಾಗಿ ಮಂಚದ ಕೆಳಗೆ ತಡಕಾಡುತ್ತಿದ್ದಾಗ, ತನ್ನ ಯೋಗ್ಯತೆ ನೂರಕ್ಕೆ ನಲವತ್ತೊಂದು ಎಂಬುದು ಆಸ್ಪತ್ರೆಯ ಲಿಫ್ಟ್ ನಡೆಸುವ ಲಿಫ್ಟಣ್ಣನಿಗೆ ಗೊತ್ತಾಯಿತು.

ಹೇಳಿದವರು ಬೇರೆ ಯಾರಾದರೂ ಆಗಿದ್ದರೆ ಅವನು ಸಾಕ್ಸ್ ಹುಡುಕುವ ಕೆಲಸವನ್ನೇ ಮುಂದುವರಿಸುತ್ತಿದ್ದ. ಹೇಳಿದವಳು ಹೆತ್ತ ಮಗಳು. ಹದಿಮೂರು ವರ್ಷ, ಶಾಲೆಗೆ ರಜೆ, ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಫುಟ್‌ಬಾಲ್ ವಿಡಿಯೋ ಗೇಮ್ ಆಡುತ್ತಿದ್ದಳು. ಅದರಲ್ಲಿ ನಮಗೆ ಬೇಕಾದ ತಂಡವನ್ನು ನಾವೇ ಕಟ್ಟಿಕೊಳ್ಳಬಹುದಂತೆ. ಮೂರು ದಿನ ಕೂತು ಅವಳು ಎದುರಾಳಿಯಾಗಿ ವಿದ್ಯುತ್ ಕಚೇರಿಯ ತಂಡವನ್ನೂ, ತನ್ನದಾಗಿ ಆಸ್ಪತ್ರೆಯ ಸಿಬ್ಬಂದಿ ತಂಡವನ್ನೂ ಕಟ್ಟಿಬಿಟ್ಟಿದ್ದಳು. ಆಸ್ಪತ್ರೆಯ ಹನ್ನೊಂದು ಜನರ ಮುಖ, ಮೈಕಟ್ಟು, ಓಟ, ಒದೆತ ಯಾವುದನ್ನೂ ಬಿಟ್ಟಿರಲಿಲ್ಲ. ಗೋಲಿನ ಮುಂದೆ ನಿಂತವನ ಬೋಳುನೆತ್ತಿ ಲಿಫ್ಟಣ್ಣನದು, ಹೊಟ್ಟೆಯಂತೂ ಅನುಮಾನವೇ ಇಲ್ಲದಂತೆ ಅವನದೇ.

"ಇದೇನೇ, ನನ್ನ ತಲೆ ಮೇಲೆ ನಲವತ್ತೊಂದು?"

"ಅದು ನಿನ್ನ ಒಟ್ಟು ಅಂಕ ಅಪ್ಪ. ನೂರಕ್ಕೆ."

"ಹನ್ನೆರಡು ವರ್ಷದಿಂದ ಗೋಲ್ ಕಾಯ್ತಿದ್ದೀನಿ ಕಣೇ!"

"ಅನುಭವಕ್ಕೆ ತೊಂಬತ್ತು ಕೊಟ್ಟಿದ್ದೀನಿ ನೋಡು. ಗಮನಕ್ಕೆ ಹನ್ನೆರಡು. ಹೋದ ಭಾನುವಾರ ವಿದ್ಯುತ್ ಕಚೇರಿಯೋರು ಗೋಲ್ ಹೊಡೆದಾಗ ನೀನು ಏನ್ ಮಾಡ್ತಿದ್ದೆ?"

ಲಿಫ್ಟಣ್ಣ ಸಾಕ್ಸ್ ಹುಡುಕುವ ನೆಪದಲ್ಲಿ ಮತ್ತೆ ಮಂಚದ ಕೆಳಗೆ ಬಗ್ಗಿದ. ಆ ಗೋಲಿನ ಹೊತ್ತಿಗೆ ಅವನು ಮೈದಾನದ ಬದಿಯಲ್ಲಿ ಕೂತಿದ್ದ ಇದೇ ಮಗಳಿಗೆ ಕೈ ಬೀಸುತ್ತಿದ್ದ. ಚೆಂಡು ಅವನ ಎರಡು ಕಾಲುಗಳ ನಡುವೆ ಯಾರನ್ನೂ ಕೇಳದೆ ಒಳಗೆ ಹೋಗಿತ್ತು.

"ಹೋಗಲಿ, ಬೇರೆಯವರಿಗೆ ಎಷ್ಟು ಕೊಟ್ಟಿದ್ದೀಯ?"

"ಎಲ್ಲರಿಗೂ ಅರವತ್ತರ ಮೇಲೇ ಇದೆ. ಎಕ್ಸ್‌ರೇ ಮಾಮಂಗೆ ಎಂಬತ್ತಾರು!"

ಆ ಎಂಬತ್ತಾರನ್ನು ಅವಳು ಹೇಳಿದ ಸಂಭ್ರಮ ಕೇಳಿ ಲಿಫ್ಟಣ್ಣ ಕೈಗೆ ಸಿಕ್ಕಿದ್ದ ಸಾಕ್ಸನ್ನು ಮತ್ತೆ ಮಂಚದ ಕೆಳಗೇ ಎಸೆದ. ಎಕ್ಸ್‌ರೇ ಮಾಮ ಎಂದರೆ ಆಸ್ಪತ್ರೆಯ ಎಕ್ಸ್‌ರೇ ಟೆಕ್ನಿಷಿಯನ್. ಕ್ವಾರ್ಟರ್ಸಿನಲ್ಲಿ ಎದುರು ಮನೆ. ಎಡಗಾಲಿನಲ್ಲಿ ಚೆಂಡು ಒದ್ದರೆ ನೋಡಿದವರು ಬಾಯಿ ತೆರೆಯಬೇಕು, ಅಂಥ ಆಟಗಾರ. ಅದು ಬಿಡಿ, ಮನುಷ್ಯ ಬಹಳ ಒಳ್ಳೆಯವನು. ತೊಂದರೆ ಇರುವುದೇ ಅಲ್ಲಿ. ಕೆಟ್ಟವನನ್ನು ಕಂಡು ಕರುಬಿದರೆ ಹೌದು ಹೌದು ಎನ್ನಲು ನಾಲ್ಕು ಜನ ಸಿಗುತ್ತಾರೆ. ಒಳ್ಳೆಯವನ ಮೇಲಿನ ಹೊಟ್ಟೆಕಿಚ್ಚನ್ನು ನಾವೊಬ್ಬರೇ ಹೊತ್ತು ತಿರುಗಬೇಕು.

"ಸ್ವಲ್ಪ ತಿದ್ದೇ. ಅಪ್ಪ ಅಲ್ವಾ ನಾನು?"

"ಈ ಆಟದಲ್ಲಿ ಎಲ್ಲಾ ಅಸಲಿ ಅಪ್ಪ. ಹುಲ್ಲು ಅಸಲಿ, ಜರ್ಸಿ ಅಸಲಿ, ಹಣೆ ಮೇಲಿನ ಬೆವರೂ ಅಸಲಿ. ನಾನು ಮಾತ್ರ ಸುಳ್ಳು ತುಂಬೋಕಾಗುತ್ತಾ?"

ಊರವರು ನಗಲಿ, ವಿದ್ಯುತ್ ಕಚೇರಿಯವರು ಹತ್ತು ಗೋಲು ಹೊಡೆಯಲಿ, ಲಿಫ್ಟಣ್ಣ ಸಹಿಸಬಲ್ಲ. ಮಗಳ ಕಣ್ಣಿಗೆ ತಾನು ನಲವತ್ತೊಂದು, ಎದುರು ಮನೆಯವನು ಎಂಬತ್ತಾರು ಎಂಬುದನ್ನು ಮಾತ್ರ ಅವನಿಂದ ನುಂಗಲಾಗಲಿಲ್ಲ. ತಿಂಡಿಯನ್ನೂ ತಟ್ಟೆಯಲ್ಲೇ ಬಿಟ್ಟು ಎದ್ದ.

ಆಸ್ಪತ್ರೆಗೆ ಬಂದು ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತ. ಮೊದಲು ಬಂದವರೇ ದೊಡ್ಡ ಸಿಸ್ಟರ್, ಇಡೀ ವಾರ್ಡನ್ನು ಕಣ್ಣಲ್ಲೇ ಹೆದರಿಸಿ ಇಟ್ಟುಕೊಂಡ ಹೆಂಗಸು.

"ನಾಲ್ಕನೇ ಮಹಡಿ ಲಿಫ್ಟಣ್ಣ. ನಲವತ್ತೊಂದಕ್ಕೆ ಕರ್ಕೊಂಡು ಹೋಗ್ಬಿಟ್ಟೀರ ಮತ್ತೆ!"

ಮಗಳು ತಂಡದ ಚಿತ್ರವನ್ನು ಕ್ವಾರ್ಟರ್ಸಿನ ಫೋನ್ ಗುಂಪಿಗೆ ಹಾಕಿದ್ದಾಳೆಂದು ಆಗ ತಿಳಿಯಿತು. ಸಿಸ್ಟರ್ ಫೋನ್ ತೆಗೆದು ಚಿತ್ರವನ್ನು ಹಿಗ್ಗಿಸಿ ತೋರಿಸಿದರು. "ಏನು ಮಾಡಿದ್ದಾಳೆ ನೋಡಿ ಮಗು! ಥೇಟ್ ನೀವೇ. ಸುಸ್ತಾಗಿ ನಿಂತಿರೋದೂ ನಿಮ್ಮ ಹಾಗೇ."

ಎರಡನೇ ಮಹಡಿಯಲ್ಲಿ ಔಷಧಿ ಪೆಟ್ಟಿಗೆಗಳನ್ನು ಹೊತ್ತು ಫಾರ್ಮಸಿಸ್ಟ್ ಹತ್ತಿದ. ಅವನ ಬಳಿ ಇನ್ನೊಂದು ಕಂಪನಿಯ ಫುಟ್‌ಬಾಲ್ ಗೇಮ್ ಇತ್ತು. ನಾಲ್ಕನೇ ಮಹಡಿಯ ಸ್ಟಾಫ್ ರೂಮಿನ ಟೀವಿಗೆ ಅದನ್ನು ಸಿಕ್ಕಿಸಿ, ಊಟದ ಹೊತ್ತಿನಲ್ಲಿ ಎಲ್ಲರಿಗೂ ಆಡಲು ಕೊಡುತ್ತಿದ್ದ.

"ಅಸಲಿ ಅಂತೆ ಅಸಲಿ!" ಎಂದ ಫಾರ್ಮಸಿಸ್ಟ್, ಚಿತ್ರದ ಕೆಳಗೆ ಮಗಳು 'ಎಲ್ಲಾ ಅಸಲಿ' ಎಂದು ಬರೆದದ್ದನ್ನು ಸಿಸ್ಟರ್ ಫೋನಿನಲ್ಲಿ ಓದಿ. "ಆ ಆಟದಲ್ಲಿ ಆಟಗಾರ ತಿರುಗೋದು ಲಾರಿ ರಿವರ್ಸ್ ತಗೊಂಡಂಗೆ. ಚೆಂಡೋ, ಕಾಲಿಗೆ ಗೋಂದು ಹಚ್ಚಿ ಅಂಟಿಸಿದ್ದಾರೆ. ನನ್ನ ಆಟದಲ್ಲಿ ಚೆಂಡಿಗೆ ತೂಕ ಇದೆ. ಪಾಸ್ ತಪ್ಪಿದ್ರೆ ತಪ್ಪಿದ್ದೇ. ಅದು ಆಟ!"

"ನಿಮ್ಮದರಲ್ಲಿ ಎಲ್ಲಾ ಒಂದೇ ಅಚ್ಚಿನ ಬೊಂಬೆಗಳು," ಎಂದರು ಸಿಸ್ಟರ್. "ಕ್ಲಬ್ಬಿನ ಹೆಸರುಗಳೂ ಕಟ್ಟುಕತೆ. ಯಾರು ಯಾರಿಗೆ ಗೋಲ್ ಹೊಡೆದ್ರು ಅಂತ ಗೊತ್ತಾಗಬೇಡ್ವಾ?"

"ಮುಖ ನೋಡೋಕೆ ಕನ್ನಡಿ ಇದೆ ಸಿಸ್ಟರ್. ಆಡೋಕೆ ನನ್ನ ಆಟ."

"ನಿಮ್ಮ ಆಟದಲ್ಲಿ ನನಗೆಷ್ಟು ಅಂಕ?" ಎಂದು ಲಿಫ್ಟಣ್ಣ ಮೆಲ್ಲಗೆ ಕೇಳಿದ.

"ಎಪ್ಪತ್ತೈದು. ನಾನು ಎಲ್ಲರಿಗೂ ಎಪ್ಪತ್ತೈದೇ ಹಾಕಿರೋದು." ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಎಣಿಸಿ ಕೊಟ್ಟು ಅಭ್ಯಾಸವಾದ ಕೈ ಅದು.

ಆ ಕ್ಷಣದಿಂದ ಲಿಫ್ಟಣ್ಣ ಫಾರ್ಮಸಿಸ್ಟನ ಪಕ್ಷ. ಚೆಂಡಿನ ತೂಕದ ವಿಚಾರವನ್ನು ಹುಟ್ಟಿದಾಗಿನಿಂದ ಬಲ್ಲವನಂತೆ, ಮೇಲೆ ಹೋಗುವವರಿಗೂ ಕೆಳಗೆ ಬರುವವರಿಗೂ ಅದೇ ಪಾಠ. ಬೆವರು, ಹುಲ್ಲು ಎಲ್ಲ ಬರೀ ಥಳುಕು, ಒಳಗಿನ ಆಟ ಮುಖ್ಯ ಎಂದ. ಶಸ್ತ್ರಚಿಕಿತ್ಸೆಗೆ ಹೊರಟು ಟ್ರಾಲಿಯ ಮೇಲೆ ಮಲಗಿದ್ದವನನ್ನೂ ಬಿಡಲಿಲ್ಲ.

"ನೀವೇ ಹೇಳಿ ಸ್ವಾಮಿ, ಫುಟ್‌ಬಾಲ್ ಗೇಮಲ್ಲಿ ಮುಖ ಮುಖ್ಯನಾ, ಆಟ ಮುಖ್ಯನಾ?"

"ನನಗೆ ಹರ್ನಿಯಾ," ಎಂದ ಅವನು.

ಹನ್ನೊಂದು ಗಂಟೆಗೆ ಎಕ್ಸ್‌ರೇ ಮಾಮನೇ ಲಿಫ್ಟಿಗೆ ಬಂದ. ತಲೆ ತಗ್ಗಿಸಿ, ತಾನೇ ಏನೋ ಕದ್ದವನ ಹಾಗೆ ನಿಂತ.

"ಅಣ್ಣಾ, ಮಗು ತಮಾಷೆಗೆ ಮಾಡಿದೆ, ಬೇಜಾರು ಮಾಡ್ಕೋಬೇಡಿ. ನನ್ನದ್ರಲ್ಲಿ ಇಪ್ಪತ್ತು ಕಳೆದು ನಿಮಗೆ ಹಾಕು ಅಂತ ನಾನೇ ಹೇಳ್ತೀನಿ."

ಲಿಫ್ಟಣ್ಣ ಮನಸ್ಸಿನಲ್ಲೇ ಕಳೆದು ಕೂಡಿಸಿ ನೋಡಿದ. ಆಗಲೂ ಎಕ್ಸ್‌ರೇ ಮಾಮನೇ ಐದು ಮುಂದೆ! ದಾನ ಕೊಟ್ಟ ಮೇಲೂ ಮುಂದೆ ನಿಲ್ಲುವ ಇಂಥವನನ್ನು ಏನು ಮಾಡಬೇಕು?

"ಯಾರ ಭಿಕ್ಷೆಯೂ ಬೇಡ. ಊಟದ ಹೊತ್ತಿಗೆ ಸ್ಟಾಫ್ ರೂಮಿಗೆ ಬನ್ನಿ. ನಿಜವಾದ ಆಟದಲ್ಲಿ ನೋಡೇಬಿಡೋಣ," ಎಂದು ರೇಗಿದ.

ಸುದ್ದಿ ಲಿಫ್ಟಿಗಿಂತ ಬೇಗ ಮಹಡಿ ಹತ್ತಿತು. ಒಂದು ಗಂಟೆಗೆ ಸ್ಟಾಫ್ ರೂಮಿನಲ್ಲಿ ಕಾಲಿಡಲು ಜಾಗವಿಲ್ಲ. ಲಿಫ್ಟಣ್ಣ ಲಿಫ್ಟನ್ನು ನಾಲ್ಕನೇ ಮಹಡಿಯಲ್ಲೇ ನಿಲ್ಲಿಸಿ, ಬೀಗ ಜಡಿದು, ಕೀ ಜೇಬಿಗೆ ಹಾಕಿಕೊಂಡು ಒಳಗೆ ನುಗ್ಗಿದ. ಅವನು ಬಟನ್ನುಗಳನ್ನು ಒತ್ತಿಯೇ ಹೊಟ್ಟೆ ಹೊರೆಯುವವನು. ಈ ಹತ್ತು ಹದಿನೈದು ಬಟನ್ನು ಯಾವ ಲೆಕ್ಕ ಎಂದುಕೊಂಡಿದ್ದ.

ಲಿಫ್ಟಿನ ಬಟನ್ನನ್ನು ಒಮ್ಮೆ ಒತ್ತಿದರೆ ಅದು ತನ್ನ ಪಾಡಿಗೆ ಹೋಗಿ ತಲುಪುತ್ತದೆ. ಇದು ಹಾಗಲ್ಲ. ಲಿಫ್ಟಣ್ಣ ಗಾಬರಿಯಲ್ಲಿ ಯಾವುದನ್ನೋ ಒತ್ತಿ ಹಿಡಿದುಕೊಂಡ. ಅದು ಗೋಲ್‌ಕೀಪರನನ್ನು ಮುಂದಕ್ಕೆ ಓಡಿಸುವ ಬಟನ್ನು. ಅವನ ಎಪ್ಪತ್ತೈದು ಅಂಕದ ಗೋಲ್‌ಕೀಪರ್ ಗೋಲನ್ನು ಹಾಳುಬಿಟ್ಟು, ಸಾಲ ವಸೂಲಿಗೆ ಹೊರಟವನಂತೆ ಮೈದಾನದ ಮಧ್ಯಕ್ಕೆ ಓಡಿ ಬಂದ. ಎಕ್ಸ್‌ರೇ ಮಾಮ ಚೆಂಡನ್ನು ಅವನ ಪಕ್ಕದಿಂದ ಉರುಳಿಸಿದ. ಒಂದು ಗೋಲು. ಮತ್ತೆ ಅದೇ ಓಟ, ಎರಡು. ಏಳು ಆಗುವ ಹೊತ್ತಿಗೆ ಜನ ನಕ್ಕು ನಕ್ಕು ಗೋಡೆಗೆ ಒರಗಿದ್ದರು.

"ಬಟನ್ನೇ ಸರಿ ಇಲ್ಲ! ಈ ಆಟವೇ ಸರಿ ಇಲ್ಲ!" ಎಂದು ಲಿಫ್ಟಣ್ಣ ಕೂಗಿದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ದೊಡ್ಡ ಸಿಸ್ಟರ್.

"ಇಲ್ಲ ಇಲ್ಲ, ಬಟನ್ ಸ್ವಲ್ಪ ಗಟ್ಟಿ ಇರೋದು ನಿಜ," ಎಂದ ಎಕ್ಸ್‌ರೇ ಮಾಮ. ಅದನ್ನು ಕೇಳಿ ಲಿಫ್ಟಣ್ಣನಿಗೆ ಏಳು ಗೋಲಿಗಿಂತ ಹೆಚ್ಚು ಉರಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಡಾಕ್ಟರು ಕಾಣಿಸಿಕೊಂಡರು. ಆಸ್ಪತ್ರೆಗೆ ಅವರೇ ಮುಖ್ಯಸ್ಥರು. ಒಂದು ಕೈಯಲ್ಲಿ ಬಾಗಿಲಿನ ಚೌಕಟ್ಟು, ಇನ್ನೊಂದರಲ್ಲಿ ಮೊಣಕಾಲು ಹಿಡಿದು ಏದುಸಿರು ಬಿಡುತ್ತಿದ್ದರು. ಲಿಫ್ಟ್ ಕೆಳಗೆ ಬಾರದೆ ನಾಲ್ಕು ಮಹಡಿಯನ್ನೂ ಹತ್ತಿ ಬಂದಿದ್ದರು.

"ಲಿಫ್ಟ್... ಕೀ... ಯಾರ ಹತ್ರ?"

ಎಲ್ಲರೂ ಒಟ್ಟಿಗೆ ಲಿಫ್ಟಣ್ಣನ ಜೇಬು ನೋಡಿದರು. ಎಕ್ಸ್‌ರೇ ಮಾಮ ಒಬ್ಬನೇ ಎದ್ದು ಹೋಗಿ ಡಾಕ್ಟರಿಗೆ ಹೆಗಲು ಕೊಟ್ಟ. "ಬನ್ನಿ ಸಾರ್, ಮೊಣಕಾಲಿಗೆ ಒಂದು ಎಕ್ಸ್‌ರೇ ತೆಗೆದುಬಿಡೋಣ." ಸಂಜೆಯ ಹೊತ್ತಿಗೆ ಒಬ್ಬನಿಗೆ ಡಾಕ್ಟರಿಂದ ಶಹಬ್ಬಾಸ್, ಇನ್ನೊಬ್ಬನಿಗೆ ಮೆಮೊ. ಯಾರಿಗೆ ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

ಐದೂವರೆಗೆ ಮನೆಗೆ ಬಂದವನೇ ಮಗಳ ಮುಂದೆ ಕೂತ.

"ನೋಡು ಪುಟ್ಟಿ, ಫಾರ್ಮಸಿಯವರ ಆಟ ದಂಡ. ನಿನ್ನ ಆಟವೇ ಅಸಲಿ, ಒಪ್ಪಿದೆ. ಆದ್ರೆ ನನ್ನ ಅಂಕ ತಪ್ಪಾಗಿದೆ. ನಾನು ಹಿಡೀಬಲ್ಲೆ ಕಣೇ. ಬೇಕಾದ್ರೆ ಪರೀಕ್ಷೆ ಮಾಡು."

ಮಗಳು ಗೇಮ್ ನಿಲ್ಲಿಸಿ ಅವನತ್ತ ತಿರುಗಿದಳು. "ಹತ್ತು ಚೆಂಡು. ಅಂಗಳದಲ್ಲಿ. ಹೊಡೆಯೋದು ಎಕ್ಸ್‌ರೇ ಮಾಮ. ಎಷ್ಟು ಹಿಡೀತೀಯೋ ನೋಡ್ಕೊಂಡು ಅಂಕ ಹಾಕ್ತೀನಿ. ಸುಳ್ಳಿಲ್ಲ, ಮೋಸ ಇಲ್ಲ."

ಬಟ್ಟೆ ಒಣಹಾಕುವ ಎರಡು ಕಂಬಗಳೇ ಗೋಲಾದವು. ಕ್ವಾರ್ಟರ್ಸಿನ ಬಾಲ್ಕನಿಗಳೆಲ್ಲ ತುಂಬಿದವು. ಎಕ್ಸ್‌ರೇ ಮಾಮ ಮೊದಲ ಚೆಂಡನ್ನು ಮಗುವಿಗೆ ಉರುಳಿಸುವಂತೆ ಮೆತ್ತಗೆ ಉರುಳಿಸಿದ.

"ಮಾಮ! ಇದು ಲೆಕ್ಕಕ್ಕಿಲ್ಲ!" ಎಂದಳು ಮಗಳು.

"ಕನಿಕರ ತೋರಿಸ್ಬೇಡ್ರೀ! ಧೈರ್ಯ ಇದ್ರೆ ಹೊಡೀರಿ!" ಎಂದು ಲಿಫ್ಟಣ್ಣ ಅಬ್ಬರಿಸಿದ.

ಎಕ್ಸ್‌ರೇ ಮಾಮ ಹೊಡೆದ. ಲಿಫ್ಟಣ್ಣ ಅದನ್ನು ಮೂಗಿನಿಂದ ತಡೆದ. ಎರಡನೆಯದು ಹೊಟ್ಟೆಗೆ ಬಡಿದು ಅಲ್ಲೇ ನಿಂತಿತು. ಮೂರನೆಯದಕ್ಕೆ ಬೆನ್ನು ತಿರುಗಿಸಿ ಬಗ್ಗಿದ್ದ. ಹೇಗೆ ತಡೆದ ಎಂದು ಕೇಳದಿರುವುದೇ ಮರ್ಯಾದೆ. ಆದರೆ ನಾಲ್ಕನೆಯದರಿಂದ ಕತೆ ಬದಲಾಯಿತು. ಬೆಳಗಿನಿಂದ ಒಳಗೆ ಕುದಿಯುತ್ತಿದ್ದ ಕಿಚ್ಚು ಕೈಕಾಲಿಗೆ ಇಳಿಯಿತೋ ಏನೋ, ಚೆಂಡಿನಲ್ಲಿ ಅವನಿಗೆ ಬರೀ ಎಂಬತ್ತಾರು ಕಾಣುತ್ತಿತ್ತು. ಎಡಕ್ಕೆ ಹಾರಿದ, ಬಲಕ್ಕೆ ಹಾರಿದ, ಮಣ್ಣಲ್ಲಿ ಹೊರಳಿದ, ಅಂಗಿಯ ತೋಳು ಹರಿಯಿತು. ಹತ್ತರಲ್ಲಿ ಒಂಬತ್ತನ್ನು ಹಿಡಿದ!

ಬಾಲ್ಕನಿಗಳಿಂದ ಶಿಳ್ಳೆ ಬಂತು. ಮಗಳು ಓಡಿ ಬಂದು ಅವನ ಸೊಂಟ ತಬ್ಬಿಕೊಂಡಳು. "ಎಂಬತ್ತೆಂಟು ಅಪ್ಪ! ತಂಡದಲ್ಲೇ ಎಲ್ಲರಿಗಿಂತ ಜಾಸ್ತಿ! ಈಗಲೇ ಹೋಗಿ ಹಾಕ್ತೀನಿ," ಎಂದು ಒಳಗೆ ಓಡಿದಳು.

ಲಿಫ್ಟಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅರ್ಧ ಗಂಟೆ ಅಂಗಳದಲ್ಲೇ ಕೂತು, ಎಕ್ಸ್‌ರೇ ಮಾಮ ಒಳಗಿನಿಂದ ಡಬ್ಬಿಯಲ್ಲಿ ತಂದುಕೊಟ್ಟ ಐಸನ್ನು ಊದಿದ ಮೂಗಿಗೆ ಒತ್ತಿಕೊಂಡು, ಬಂದವರಿಗೆಲ್ಲ ಆರನೇ ಚೆಂಡನ್ನು ಹೇಗೆ ಹಿಡಿದೆ ಎಂದು ವಿವರಿಸಿದ. ದೊಡ್ಡ ಸಿಸ್ಟರಿಗೆ ಎರಡು ಸಲ ವಿವರಿಸಿದ. ಆಮೇಲೆ ಕುಂಟುತ್ತಾ ಒಳಗೆ ಬಂದ.

ಸೋಫಾದ ಮೇಲೆ ಮಗಳು, ಪಕ್ಕದಲ್ಲಿ ಹೆಂಡತಿ. ಐಸ್ ಡಬ್ಬಿ ವಾಪಸು ಕೊಡಲು ಬಂದು ಕೂತ ಎಕ್ಸ್‌ರೇ ಮಾಮನೂ ಅಲ್ಲೇ ಇದ್ದ. ಮೂವರ ಕಣ್ಣೂ ಟೀವಿಯ ಮೇಲೆ. ಪರದೆಯ ಎಕ್ಸ್‌ರೇ ಮಾಮ ಎಡಗಾಲಿನಿಂದ ಚೆಂಡನ್ನು ಸಿಡಿಸಿದ. ಗೋಲಿನ ಮುಂದೆ ಬೋಳುನೆತ್ತಿ, ಹೊಟ್ಟೆ, ತಲೆಯ ಮೇಲೆ ಎಂಬತ್ತೆಂಟು. ಚಂಗನೆ ಹಾರಿ ಚೆಂಡನ್ನು ಬಾಚಿಕೊಂಡ.

"ಭಲೇ!" ಎಂದು ಲಿಫ್ಟಣ್ಣ ಚಪ್ಪಾಳೆ ತಟ್ಟಿದ.

"ಥೂ! ಮತ್ತೆ ಹಿಡಿದ!" ಎಂದು ಮಗಳು ಸೋಫಾಗೆ ಗುದ್ದಿದಳು.

"ಹಿಡಿದ್ರೆ ಒಳ್ಳೇದಲ್ವೇನೇ?"

"ಜರ್ಸಿ ನೋಡಪ್ಪ."

ಲಿಫ್ಟಣ್ಣ ಹತ್ತಿರ ಹೋಗಿ ನೋಡಿದ. ಎದೆಯ ಮೇಲೆ ಆಸ್ಪತ್ರೆಯ ಗುರುತಿರಲಿಲ್ಲ. ಅಲ್ಲಿದ್ದದ್ದು ವಿದ್ಯುತ್ ಕಚೇರಿಯ ಮಿಂಚಿನ ಗುರುತು.

"ನಿನ್ನನ್ನ ಮಾರಿಬಿಟ್ಟೆ ಅಪ್ಪ," ಎಂದಳು ಮಗಳು, ಪರದೆಯಿಂದ ಕಣ್ಣು ತೆಗೆಯದೆ. "ಈ ಗೇಮಲ್ಲಿ ಆಟಗಾರರನ್ನ ಬೇರೆ ತಂಡಕ್ಕೆ ಮಾರಬಹುದು. ನಲವತ್ತೊಂದಿದ್ದಾಗ ನಿನ್ನ ಒಬ್ಬರೂ ಕೇಳಿರ್ಲಿಲ್ಲ. ಎಂಬತ್ತೆಂಟು ಹಾಕಿ ಐದು ನಿಮಿಷ ಆಗಿಲ್ಲ, ವಿದ್ಯುತ್ ಕಚೇರಿಯೋರು ನಿನ್ನ ಕೇಳ್ಕೊಂಡು ಬಂದ್ರು. ಎಕ್ಸ್‌ರೇ ಮಾಮನ ಒಪ್ಪಂದ ಮುಗೀತಾ ಇತ್ತು, ನಮ್ಮ ತಂಡದ ಹತ್ರ ದುಡ್ಡಿರ್ಲಿಲ್ಲ. ನಿನ್ನ ಮಾರಿದ ದುಡ್ಡಲ್ಲಿ ಮಾಮನ್ನ ಐದು ವರ್ಷಕ್ಕೆ ಉಳಿಸ್ಕೊಂಡೆ."

ಎಕ್ಸ್‌ರೇ ಮಾಮ ನಾಚಿ ನೆಲ ನೋಡಿದ.

"ಅಯ್ಯೋ, ವಾಪಸ್ ಕೊಂಡ್ಕೊಳ್ಳೇ ನನ್ನ!"

"ಆಗಲ್ಲಪ್ಪ. ಈಗ ನಿನ್ನ ಬೆಲೆ ನಮಗೆ ನಿಲುಕಲ್ಲ."

"ಹಾಗಾದ್ರೆ ನಲವತ್ತೊಂದೇ ಮಾಡಿಬಿಡು!"

"ಅದ್ಹೇಗೆ? ಒಂಬತ್ತು ಹಿಡಿದಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಲ್ಲ. ಸುಳ್ಳಾಗುತ್ತೆ."

ಕೊನೆಯ ನಿಮಿಷ, ಪೆನಾಲ್ಟಿ. ಮೂವರೂ ಸೋಫಾದ ತುದಿಗೆ ಸರಿದರು. "ಬಿಟ್ಬಿಡಪ್ಪಾ, ಇದೊಂದು ಬಿಟ್ಬಿಡು," ಎಂದು ಮಗಳು ಟೀವಿಗೆ ಕೈ ಮುಗಿದಳು. ನಿಂತಲ್ಲೇ ಲಿಫ್ಟಣ್ಣನೂ ಬಿಡೋ, ಬಿಡೋ ಎಂದು ತನ್ನನ್ನೇ ಬೇಡಿಕೊಂಡ. ಎಕ್ಸ್‌ರೇ ಮಾಮನ ಎಡಗಾಲು ಬೀಸಿತು. ಎಂಬತ್ತೆಂಟು ಅಂಕದ ಲಿಫ್ಟಣ್ಣ ಮೂಲೆಗೆ ಹಾರಿ, ಎರಡೂ ಕೈಯಲ್ಲಿ ಹಿಡಿದು, ಎದೆಗೊತ್ತಿಕೊಂಡ.

ಸೀಟಿ ಮೊಳಗಿತು. ಆಸ್ಪತ್ರೆ ತಂಡ ಸೋತಿತ್ತು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಹೆಂಡತಿ ಅಡಿಗೆಮನೆಗೆ ಎದ್ದು ಹೋದಳು. ಮಗಳು ಅವನತ್ತ ಒಂದು ಸಲ ಉರಿನೋಟ ಬೀರಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಕ್ಸ್‌ರೇ ಮಾಮ ಮಾತ್ರ ಹೊರಡುವ ಮೊದಲು ಲಿಫ್ಟಣ್ಣನ ಕೈ ಹಿಡಿದು ಕುಲುಕಿದ.

"ಚೆನ್ನಾಗಿ ಹಿಡಿದ್ರಿ ಅಣ್ಣ."