ಗೋಡೆಯೊಳಗೆ ಯಾರು?

ತೊಂಬತ್ತರ ದಶಕದ ಕೊನೆಯ ಮಾತು. ಮಕ್ಕಳ ಮನಸ್ಸನ್ನು ಅರಿಯುವ ಹತ್ತು ದಿನಗಳ ತರಬೇತಿ ಮುಗಿಸಿ ಕೊಟ್ಟೂರಿನ ಶಾಲೆಗೆ ಮರಳಿದ ಶಿಕ್ಷಕನಾದ ನನಗೆ, ಇನ್ನು ಅರಿಯಬೇಕಾದ ಮನಸ್ಸು ಭೂಮಿಯ ಮೇಲೆ ಉಳಿದಿಲ್ಲ ಎನಿಸಿತ್ತು. ಸುತ್ತಲಿನ ಶಾಲೆಗಳಿಗೆ ನಾನೇ ಆಪ್ತ ಸಲಹೆಗಾರ ಎಂಬ ಆದೇಶವೂ ಬಂದಿತ್ತು.

ಮೊದಲ ಕರೆ ಗುಡೇಕೋಟೆ ಆಚೆಗಿನ ಒಂದು ಹಳ್ಳಿಯಿಂದ ಬಂತು. ಆರನೇ ತರಗತಿಯ ಓಬಕ್ಕ ಪಾಠದ ನಡುವೆ ಗೋಡೆಗೆ ಕಿವಿ ಹಚ್ಚಿ ಕೂರುತ್ತಾಳೆ, ಒಳಗೆ ಯಾರೋ ಇದ್ದಾರೆ ಎಂಬ ಹಾಗೆ, ಎಂದು ಹೆಡ್ಮಾಸ್ಟರು ದನಿ ತಗ್ಗಿಸಿ ಹೇಳಿದರು. ಅವಳ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದಳು. ನನಗೆ ಅಷ್ಟು ಸಾಕಾಯಿತು. ಹುಡುಗಿಯ ಮುಖ ನೋಡುವ ಮೊದಲೇ ರೋಗ ಗೊತ್ತಾಗಿಹೋಯಿತು!

ಮಧ್ಯಾಹ್ನ ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ ಅವಳನ್ನು ಕೂರಿಸಿಕೊಂಡೆ. ಹೊರಗೆ ಬಿಸಿಲು. ಹಕ್ಕಿಯ ಸದ್ದೂ ಇರಲಿಲ್ಲ.

“ಗ್ವಾಡ್ಯಾಗ ಯಾರದಾರವ್ವ?”

ಓಬಕ್ಕ ಗೋಡೆಯತ್ತ ನೋಡಿದಳು. ಹೆಂಗಸೋ ಗಂಡಸೋ ಎಂದೆ. ಗೊತ್ತಿಲ್ಲವೆಂದಳು. ಅವ್ವನ ನೆನಪಾಗುತ್ತದೆಯೇ ಎಂದೆ. ಕಣ್ಣು ತುಂಬಿಕೊಂಡಳು. ‘ಮೃತ ತಾಯಿಯ ಧ್ವನಿ ಕೇಳುತ್ತಾಳೆ’ ಎಂದು ಬರೆದು ಅಡಿಗೆರೆ ಎಳೆದೆ.

ಆಗ ಅವಳು ನನ್ನ ಕೈ ಹಿಡಿದು ಗೋಡೆಯ ಮೇಲಿಟ್ಟಳು. ಸುತ್ತಲಿನ ಕಲ್ಲು ತಣ್ಣಗಿತ್ತು. ಅಲ್ಲಿ ಮಾತ್ರ, ಅಂಗೈಯಗಲದಷ್ಟು ಜಾಗ, ಜ್ವರ ಬಂದ ಮೈಯಂತೆ ಬೆಚ್ಚಗಿತ್ತು. ಕಿವಿ ಹಚ್ಚಿದೆ. ಬಹಳ ಒಳಗಿನಿಂದ, ಬಾಯಿ ಮುಚ್ಚಿಕೊಂಡು ಯಾರೋ ಗುನುಗುತ್ತಿದ್ದರು. ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಒಳಗಿನಿಂದ ದೀರ್ಘವಾಗಿ ಉಸಿರು ಬಿಟ್ಟಂತಾಯಿತು. ಆಮೇಲೆ ಮೌನ.

ನಾನು ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಆದರೂ ವೃತ್ತಿಧರ್ಮ ಬಿಡಲಿಲ್ಲ. ‘ಸಲಹೆಗಾರರಿಗೆ ಏನೂ ಕೇಳಿಸಲಿಲ್ಲ’ ಎಂದು ವರದಿ ಬರೆದು ಕಳಿಸಿದೆ.

ಮನೆಯಲ್ಲಿ ಹೆಂಡತಿ ಗಿರಿಜೆಗೆ ಮಾತ್ರ ನಿಜ ಹೇಳಿದೆ.

“ಆಕಿಗೂ ಕೇಳೈತಿ, ನಿಮಗೂ ಕೇಳೈತಿ. ಹಂಗಂದ್ರ ಗ್ವಾಡ್ಯಾಗ ಏನೋ ಐತಿ ಅಂತಲ್ಲೇನ್ರಿ?” ಎಂದಳು.

ಕೋಮಲ ಮನಸ್ಸಿನವರಿಗೆ ಇನ್ನೊಬ್ಬರ ಭ್ರಮೆ ಅಂಟಿಕೊಳ್ಳುತ್ತದೆ ಎಂದು ವಿವರಿಸಿದೆ. ಅವಳು ರೊಟ್ಟಿ ತಿರುವಿ ಹಾಕಿದಳು.

ಮುಂದಿನದು ಚಿಕಿತ್ಸೆ. ತಾಯಿಯನ್ನು ಬೀಳ್ಕೊಟ್ಟರೆ ಹುಡುಗಿಯ ಮನಸ್ಸು ಹಗುರಾದೀತೆಂದು ಇಡೀ ತರಗತಿಯನ್ನು ಗೋಡೆಯ ಮುಂದೆ ನಿಲ್ಲಿಸಿ, ಕೈಮುಗಿದು ‘ಹೋಗಿ ಬಾರವ್ವ’ ಎನ್ನಿಸಿದೆ. ಸಾಲದ್ದಕ್ಕೆ ಡಸ್ಟರಿನಿಂದ ಮೂರು ಸಲ ಗೋಡೆ ಕುಟ್ಟಿದೆ. ಗೋಡೆ ಈ ಸಲ ಎಲ್ಲರಿಗೂ ಕೇಳುವಂತೆ ಉಸಿರು ಬಿಟ್ಟಿತು. ಮಕ್ಕಳು ಚೀರಿಕೊಂಡು ಬಯಲಿಗೆ ಓಡಿದರು. ಅವರಿಗಿಂತ ಮುಂದೆ ನಾನಿದ್ದೆ.

ಮರುದಿನ ಗೋಡೆಗೆ ಯಾರೋ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟಿದ್ದರು. ಮೂಢನಂಬಿಕೆ ಬಿಡಿಸಲು ಹೋದವನು ಊರಿಗೊಂದು ಹೊಸ ದೇವರನ್ನು ಕೊಟ್ಟಿದ್ದೆ. ಓಬಕ್ಕನ ಪಕ್ಕ ಕೂರಲು ಯಾರೂ ಒಪ್ಪಲಿಲ್ಲ. ಅವಳನ್ನು ಜಗಲಿಯಲ್ಲಿ ಒಬ್ಬಳನ್ನೇ ಕೂರಿಸಿದರು.

ನಾಲ್ಕನೇ ಸಲ ನಾನು ಹೋದಾಗ ಅವಳ ತಂದೆ ಪಾಲಯ್ಯ ಬಂದಿದ್ದ. ಕುರಿ ಮೇಯಿಸಲು ದೂರ ಹೋಗಿದ್ದವನು, ಸುದ್ದಿ ಕೇಳಿ ಮಗಳನ್ನು ಶಾಲೆ ಬಿಡಿಸಿ ಕರೆದೊಯ್ಯಲು ಬಂದಿದ್ದ.

“ನನ್ನ ಹೇಣ್ತಿ ಇದರಾಗ ಅದಾಳಂತ ಬರದೀರಂತ. ಹೌದೇನ್ರಿ ಸರ?”

ಪಾಲಯ್ಯ ರುಮಾಲು ತೆಗೆದು ಗೋಡೆಗೆ ಕಿವಿ ಹಚ್ಚಿದ. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ನಿಂತ. ಅಷ್ಟು ಆಸೆಯಿಂದ ಯಾರಾದರೂ ಏನನ್ನಾದರೂ ಕೇಳಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಕಣ್ಣು ತೆರೆದು, ಕಟ್ಟಡದ ಹಿಂದಕ್ಕೆ ನಡೆದ. ಆ ಶಾಲೆಗೆ ಹಿಂಭಾಗವೂ ಒಂದಿದೆ ಎಂಬುದು ನನಗೆ ಆವತ್ತೇ ಹೊಳೆದದ್ದು. ಜಾಲಿಗಿಡದ ಮರೆಯಲ್ಲಿ, ಕಲ್ಲುಗಳ ನಡುವಿನ ಬೆರಳಗಲದ ಬಿರುಕಿನಿಂದ ಹುಳುಗಳು ಹೋಗಿ ಬರುತ್ತಿದ್ದವು.

“ಆಕಿ ಅಲ್ರಿ” ಎಂದ ಪಾಲಯ್ಯ. “ಜೇನು.”

ಗೂಡು ಬೆಚ್ಚಗಿರುತ್ತದೆ, ತಟ್ಟಿದರೆ ಹುಳುಗಳೆಲ್ಲ ಒಟ್ಟಿಗೆ ಉಸ್ಸೆನ್ನುತ್ತವೆ, ತಾನೇ ಬಿಡಿಸುತ್ತೇನೆ ಎಂದ. ಮಗಳ ಕೈ ಹಿಡಿದು ಜಗಲಿಯಿಂದ ಒಳಗೆ ಕರೆತಂದು, ಮಕ್ಕಳ ನಡುವೆ ಕೂರಿಸಿದ. ಬರೀ ಸಪ್ಪಳ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಓಬಕ್ಕನನ್ನು ಕೇಳಿದೆ.

“ನೀವು ಯಾರು ಅಂತ ಕೇಳಿದ್ರಿ ಸರ. ಏನು ಅಂತ ಕೇಳ್ಲಿಲ್ರಿ.”

ಅಷ್ಟರಲ್ಲಿ ನನ್ನ ವರದಿ ಮೇಲಿನವರ ಮೆಚ್ಚುಗೆ ಗಳಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಉಳಿದ ಶಿಕ್ಷಕರಿಗೆ ಉಪನ್ಯಾಸ ಕೊಡಲು ಕರೆ ಬಂತು. ಹೋಗಿ ಒಂದು ತಾಸು ಮಾತಾಡಿ ಬಂದೆ. ಜೇನಿನ ವಿಷಯಕ್ಕೆ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು ಎಂದು ಗಿರಿಜೆಗೆ ಹೇಳಿದೆ.

ಅವಳು ನಂಬಲಿಲ್ಲ.