ಕೆಂಚನವರ ಪಥ್ಯದ ಊಟ ಮತ್ತು ನನ್ನ ಪಾಲಿನ ಮುಳ್ಳು

ಮಾನ್ಯ ಕೆಂಚನವರೇ,

ನಮ್ಮ ಮನೆಯ ಹಾಸಿಗೆ, ಒಲೆಯ ಮಗ್ಗುಲು ಹಾಗೂ ಶೇಷಮ್ಮನ ಮಡಿಲಿನ ಏಕಮಾತ್ರ ಒಡೆಯರಾದ ತಮ್ಮ ಬಾಲದ ತುದಿಗೆ ಅಡ್ಡಗದ್ದೆಯ ಹೂವಪ್ಪ ಮಾಡುವ ನಮಸ್ಕಾರಗಳು. ತಾವು ಬೆಕ್ಕು, ನಾನು ಶೇಷಮ್ಮನ ಗಂಡ. ನಮ್ಮಿಬ್ಬರಲ್ಲಿ ಯಾರು ದೊಡ್ಡವರೆಂಬುದು ಇತ್ತೀಚೆಗೆ ತೀರ್ಮಾನವಾಗಿರುವುದರಿಂದ ತಗ್ಗಿ ಬಗ್ಗಿ ಬರೆಯುತ್ತಿದ್ದೇನೆ.

ಮೊನ್ನೆ ತಾವು ಮೀನಿಗೂ ಮೂಗು ತಿರುಗಿಸಿ, ಒಸಡು ಬಿಳಿಚಿಕೊಂಡು, ಕರೆದರೂ ಕಿವಿ ಅಲ್ಲಾಡಿಸದೆ ಮಲಗಿದಾಗ ಶೇಷಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಜ್ವರ ಬಂದಾಗ ಆ ಸೆರಗು ಒಣಗಿಯೇ ಇತ್ತು. ಶೃಂಗೇರಿಯ ಪಶುವೈದ್ಯರಿಗೆ ಫೋನ್ ಮಾಡಿದರೆ, "ಈರುಳ್ಳಿ, ಬೆಳ್ಳುಳ್ಳಿ ಎಂತಾದ್ರೂ ತಿಂದಿದ್ಯಾ? ವಿಚಾರಿಸ್ಕೊಂಡು ಕೂಡ್ಲೇ ಕರ್ಕೊಂಡ್ ಬನ್ನಿ" ಎಂದರು. ನಮ್ಮ ಮನೆಯಲ್ಲಂತೂ ತಿಂದಿರಲಿಲ್ಲ. ಆದರೆ ತಾವು ದಿನವೂ ಬೇಲಿ ಹಾರಿ ಹೋಗುತ್ತಿದ್ದುದು ಪಕ್ಕದ ಗಣಪಯ್ಯನವರ ಮನೆಗೆ. ಗಡಿಯ ಹಲಸಿನ ಮರಕ್ಕಾಗಿ ಜಗಳವಾಡಿ ವರ್ಷಗಳಿಂದ ನಾನು ಮುಖ ನೋಡದಿದ್ದ ಗಣಪಯ್ಯನವರ ಮನೆಗೆ.

ತಮ್ಮನ್ನು ಬುಟ್ಟಿಯಲ್ಲಿಟ್ಟುಕೊಂಡು, ಮರ್ಯಾದೆಯನ್ನು ಬೇಲಿಗೆ ನೇತುಹಾಕಿ, ಅವರ ಅಂಗಳದಲ್ಲಿ ಹೋಗಿ ನಿಂತೆ. ಅವರು ಬುಟ್ಟಿಯೊಳಗೆ ಇಣುಕಿದವರೇ, "ಅಯ್ಯೋ ಮಾರಾಯ, ನಮ್ಮ ಗೋಪಾಲನಿಗೆ ಎಂತ ಆಯ್ತು?" ಎಂದರು. ನಾನು ಈರುಳ್ಳಿ ಎಂದೊಡನೆ ಅವರ ಮುಖ ಕಪ್ಪಿಟ್ಟಿತು. "ಸಂಜೆ ಸಂಜೆ ಕಾಲು ಸುತ್ತುತ್ತಿತ್ತು, ಈರುಳ್ಳಿ ಬಜ್ಜಿ ಹಾಕ್ತಿದ್ದೆ. ಅದಕ್ಕೆ ವಿಷ ಅಂತ ನಂಗೆಂತ ಗೊತ್ತು? ಜೀಪ್ ತೆಗೀತೇನೆ, ಹತ್ತು." ದಾರಿಯುದ್ದಕ್ಕೂ ನಾವಿಬ್ಬರೂ ಬುಟ್ಟಿಯೊಳಗಿನ ತಮ್ಮ ಉಸಿರನ್ನೇ ಕೇಳುತ್ತಿದ್ದುದರಿಂದ ಹಲಸಿನ ಮರದ ನೆನಪು ಯಾರಿಗೂ ಬರಲಿಲ್ಲ.

ತಾವು ಬದುಕಿದಿರಿ. ವೈದ್ಯರು ತಮಗೆ ರಾಜಭೋಜನವನ್ನೂ ಗೊತ್ತುಮಾಡಿದರು: ಮೂಳೆ ತೆಗೆದು ಬೇಯಿಸಿದ ಕೋಳಿ, ಮುಳ್ಳು ಬಿಡಿಸಿದ ಮೀನು, ಬೆಂದ ಮೊಟ್ಟೆ, ಬೇಕಾದರೆ ಒಂದಿಷ್ಟು ಬೇಯಿಸಿದ ಸಿಹಿಗುಂಬಳ, ಉಪ್ಪು, ಖಾರ, ಮಸಾಲೆ ಸೋಕಬಾರದು, ಕಾಫಿ, ಚಾಕೊಲೇಟ್, ದ್ರಾಕ್ಷಿಯ ಸುದ್ದಿಗೇ ಹೋಗಬಾರದು. ಗಣಪಯ್ಯನವರು "ಹಾಲು?" ಎಂದು ಆಸೆಯಿಂದ ಕೇಳಿದಾಗ, "ಸುಮಾರು ಬೆಕ್ಕುಗಳಿಗೆ ಜೀರ್ಣ ಆಗೋದಿಲ್ಲ" ಎಂದು ಅದಕ್ಕೂ ಕಲ್ಲು ಹಾಕಿದರು.

ಅಂದಿನಿಂದ ಶೇಷಮ್ಮ ಮೀನಿನ ಮುಳ್ಳನ್ನು ಬೆರಳಲ್ಲೇ ಬಿಡಿಸಿ ನಡುತುಂಡನ್ನು ತಮಗೆ ಉಣಬಡಿಸುತ್ತಾಳೆ, ಬಾಲ ನನಗೆ. ಕೇಳಿದರೆ, "ನಿಮಗೆ ಕೈ ಇಲ್ವಾ?" ಎನ್ನುತ್ತಾಳೆ. ಅಡುಗೆಮನೆಗೆ ಮೊಟ್ಟೆಯ ನೆರಳೂ ಬೀಳಗೊಡದ ಗಣಪಯ್ಯನವರು ಅಂಗಡಿಯಿಂದ ಮೊಟ್ಟೆಯನ್ನು ಕೊಡೆಯೊಳಗೆ ಬಚ್ಚಿಟ್ಟು ತಂದು, ನಮ್ಮಲ್ಲಿ ಬೇಯಿಸಿ, ತಮಗೆ ಬಡಿಸಿ, ತಾವು ತಿಂದು ಮುಗಿಸುವವರೆಗೆ ಕಾಫಿ ಕುಡಿಯುತ್ತಾ ಕೂರುತ್ತಾರೆ. ನನ್ನ ಹೆಂಡತಿ, ನನ್ನ ಒಲೆ, ನನ್ನ ಶತ್ರು, ಮೂರನ್ನೂ ಕಸಿದುಕೊಂಡ ತಮ್ಮ ಸಾಮರ್ಥ್ಯಕ್ಕೆ ಶರಣು. ಊರಿನಲ್ಲಿ ಇನ್ನೂ ಕೆಲವು ಜಗಳಗಳು ಉಳಿದಿವೆ. ಅವುಗಳನ್ನೂ ತಾವೇ ಬಗೆಹರಿಸಬೇಕು, ಆದರೆ ದಯವಿಟ್ಟು ಕಾಯಿಲೆ ಬೀಳದೆ.

ತಮ್ಮ ತಟ್ಟೆಯಲ್ಲಿ ಮಿಕ್ಕಿದ್ದನ್ನೇ ನಂಬಿರುವ
ತಮ್ಮ ವಿಶ್ವಾಸಿ,
ಹೂವಪ್ಪ

ಮರೆತ ಮಾತು: ಮೇಲಿನ ಮನೆಯ ಶ್ರೀರಕ್ಷಾ ಇಂದು "ಬಾ ಚಿನ್ನು" ಎಂದು ಕರೆದು ತಮಗೆ ಕೋಳಿ ತಿನ್ನಿಸುತ್ತಿದ್ದುದನ್ನು ನಾನೂ ಗಣಪಯ್ಯನವರೂ ಕಣ್ಣಾರೆ ಕಂಡೆವು. ಶೇಷಮ್ಮನಿಗೆ ಇನ್ನೂ ಹೇಳಿಲ್ಲ. ನಾಳೆಯ ನಡುತುಂಡು ಯಾರ ತಟ್ಟೆಗೆ ಬೀಳಬೇಕೆಂಬುದನ್ನು ತಾವೇ ಯೋಚಿಸಿ.