ಮಗ್ಗದ ಶೆಡ್ಡಿನಲ್ಲಿ ಮೂರು ಭಯ

ಡಿಸೆಂಬರ್ ಐದು, ಶುಕ್ರವಾರ. ಮೋಡ, ಶೀತಗಾಳಿ, ಆಗಾಗ ತುಂತುರು.

ತತ್ವಶಾಸ್ತ್ರ ಪಾಠ ಹೇಳುವವನಿಗೆ ಫಜೀತಿ ತಪ್ಪಿದ್ದಲ್ಲ. ತರಗತಿಯಲ್ಲಿ ಸಾವು, ಶೂನ್ಯ ಎಂದರೆ ಹುಡುಗರು ಆಕಳಿಸುತ್ತಾರೆ. ಅದೇ ಮಾತು ಬೀದಿಗೆ ಬಂದರೆ ಜನ ಚಪ್ಪಲಿ ಬಿಟ್ಟು ಓಡುತ್ತಾರೆ. ನಾನೂ ಓಡಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ನೃತ್ಯ ಮಾಡುತ್ತಾಳೆ. ನೀವು ಪಾಠದಲ್ಲಿ ಹೇಳಿದ್ದನ್ನೇ ಇಬ್ಬರು ಗೆಳೆಯರ ಜೊತೆ ಸೇರಿ ಮೂರು ದಿನ ಸಂಗೀತ, ಸಿನಿಮಾ, ನೃತ್ಯವಾಗಿ ತೋರಿಸುತ್ತೇನೆ, ದೊಡ್ಡಬಳ್ಳಾಪುರದಲ್ಲಿ ಜಾಗ ಕೊಡಿಸಿ ಸಾರ್ ಎಂದಳು. ನನ್ನ ಹೆಂಡತಿಯ ಅಣ್ಣ ಆಗಷ್ಟೇ ಮಗ್ಗದ ಹೊಸ ಶೆಡ್ ಕಟ್ಟಿಸಿದ್ದರು. ಮಗ್ಗಗಳು, ನೇಯುವವರು ಎಲ್ಲ ಸೋಮವಾರ ಬರಬೇಕಿತ್ತು.

"ಮೇಷ್ಟ್ರೇ, ಶೆಡ್ ಕೊಡ್ತೀನಿ. ಒಂದು ಲೋಟ ಕಾಫಿನೂ ಕೊಡಲ್ಲ" ಅಂದರು ಭಾವ. "ಇನ್ನೊಂದು ಮಾತು. ಕೆಲಸದವರು ಹೆದರೋ ಅಂಥದ್ದೇನೂ ಆಗ್ಬಾರ್ದು. ಹೊಸ ಶೆಡ್ಡಿಗೆ ಕೆಟ್ಟ ಹೆಸರು ಬಂತೋ, ಒಬ್ನೂ ಒಳಗೆ ಕಾಲಿಡಲ್ಲ. ಆಮೇಲೆ ಆ ಮಗ್ಗಗಳ ಮುಂದೆ ನೀವೇ ನಿಂತ್ಕೋಬೇಕಾಗುತ್ತೆ."

ಒಪ್ಪಿದೆ. ಆ ಕ್ಷಣದಿಂದಲೇ ನನಗೆ ಭಯ ಶುರುವಾಯಿತು.

ಶೂನ್ಯ

ಮೊದಲ ದಿನ ಸಂಗೀತ. ಕೊಳಲು, ತಂಬೂರಿ, ನಡುವೆ ಸ್ವಲ್ಪ ಹೊತ್ತು ಏನೂ ನುಡಿಸದೆ ಸುಮ್ಮನೆ ಕೂರುವುದು. ಆ ಮೌನವೇ ಮುಖ್ಯ ಎಂದಳು ಹುಡುಗಿ. ನಮ್ಮ ಬೀದಿಯಲ್ಲಿ ಮೌನ ಎಲ್ಲಿಂದ ತರುವುದು? ಎರಡೂ ಬದಿಗೆ ದಡಬಡ ಎನ್ನುವ ಕರೆಂಟ್ ಮಗ್ಗ. ಭಾವ ಮನೆಮನೆಗೆ ಹೋಗಿ, ಐದು ಗಂಟೆಗೆ ಒಂದಿಷ್ಟು ಹೊತ್ತು ನಿಲ್ಲಿಸಿ ಎಂದು ಕೇಳಿಕೊಂಡರು. ಎಲ್ಲರೂ ನಿಲ್ಲಿಸಿದರು.

ಕರೆಂಟ್ ಇದ್ದೂ ಒಂದು ಬೀದಿಯ ಮಗ್ಗಗಳೆಲ್ಲ ನಿಲ್ಲುವುದು ಯಾರಾದರೂ ಸತ್ತಾಗ ಮಾತ್ರ. ಅದು ನಮಗೆ ನೆನಪಾಗುವ ಹೊತ್ತಿಗೆ ಹಿಂದಿನ ಬೀದಿಯವರು ಹಾರ ಹಿಡಿದು ಬಂದಾಗಿತ್ತು.

"ಯಾರಪ್ಪಾ ಹೋಗಿದ್ದು?"

ತಲೆ ತಗ್ಗಿಸಿ ಕೂತಿದ್ದ ಕೊಳಲಿನವನನ್ನು ಮನೆಯವನೇ ಇರಬೇಕೆಂದು ಒಬ್ಬರು ಬೆನ್ನು ಸವರಿ ಸಮಾಧಾನ ಮಾಡಿದರು. ಅವನೂ ಕಣ್ಣೊರೆಸಿಕೊಂಡ.

ಶೆಡ್ಡಿನ ಹಿಂದಿನ ಮನೆಯಲ್ಲಿ ಅತ್ತೆ, ಅಂದರೆ ಭಾವನ ತಾಯಿ, ನೆಗಡಿಯೆಂದು ಮಲಗಿದ್ದರು. ಓಡಿದೆ. ಅವರು ಮುಸುಕಿನೊಳಗಿಂದ ಕಣ್ಣಷ್ಟೇ ಹೊರಗಿಟ್ಟು ಸೂರು ನೋಡುತ್ತಿದ್ದರು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಮಗ್ಗ ಎಲ್ಲಾ ನಿಂತೋಗವೆ. ಅಳಿಯಂದ್ರೇ, ನಿಜ ಹೇಳಿ. ನಾನು ಹೋಗ್ಬಿಟ್ನಾ?"

ಇಲ್ಲವೆಂದು ಸಾಧಿಸಲು ಆ ಕ್ಷಣಕ್ಕೆ ನನಗೂ ಒಂದು ತರ್ಕ ಹೊಳೆಯಲಿಲ್ಲ.

ಬಾಗಿಲು

ಶನಿವಾರ ಸಿನಿಮಾ. ಶೆಡ್ ನೋಡಿದಂತೆಯೂ ಆಯಿತೆಂದು ಸೋಮವಾರದ ಕೆಲಸದವರೂ ಬಂದರು. ಪರದೆಯ ಮೇಲೆ ಒಂದು ಮುಚ್ಚಿದ ಬಾಗಿಲು. ಅಷ್ಟೇ ಸಿನಿಮಾ. ಭಯ ಇರುವುದು ಹೊರಗಲ್ಲ, ನಮ್ಮ ಕಲ್ಪನೆಯಲ್ಲಿ ಎಂಬುದು ವಿಷಯ.

"ಲೇ, ಅದರ ಹಿಂದೆ ಏನೋ ಐತೆ ಕಣೋ."

"ಏನೂ ಇಲ್ಲ, ಸುಮ್ನೆ ಕೂತ್ಕೊಳ್ಳಲಾ."

"ಏನೂ ಇಲ್ದೆ ಇಷ್ಟೊತ್ತು ತೋರಿಸ್ತಾರಾ?"

ಒಬ್ಬೊಬ್ಬರ ಕಾಲೂ ಬೆಂಚಿನ ಮೇಲೆ ಬಂತು. ನನ್ನದೂ ಬಂತು.

ಬಾಗಿಲು ತೆರೆಯಲೇ ಇಲ್ಲ. ಸಿನಿಮಾ ಮುಗಿದು ದೀಪ ಹತ್ತಿತು. ಯಾರೂ ಏಳಲಿಲ್ಲ. ಶೀತಗಾಳಿ ಬರದಿರಲೆಂದು ನಾವೇ ಮುಚ್ಚಿದ್ದ ಶೆಡ್ಡಿನ ಬಾಗಿಲನ್ನು ಎಲ್ಲರೂ ಈಗ ನೋಡುತ್ತಿದ್ದರು.

"ಮೇಷ್ಟ್ರೇ, ನೀವು ಓದಿದೋರು. ನೀವೇ ತೆಗೀರಿ" ಅಂದರು ಭಾವ.

ಓದಿದವನಾದ್ದರಿಂದ, ಹಿಂದೆ ಏನೇನಿರಬಹುದೆಂದು ನನಗೇ ಎಲ್ಲರಿಗಿಂತ ಹೆಚ್ಚು ಹೊಳೆಯುತ್ತಿತ್ತು. ಎದ್ದೆ. ಚಿಲಕಕ್ಕೆ ಕೈ ಹಾಕಿದೆ. ಅದೇ ಹೊತ್ತಿಗೆ ಹೊರಗಿನಿಂದ ಯಾರೋ ದಬದಬ ಬಡಿದರು.

ಊಟಕ್ಕೆ ಕರೆಯಲು ಬಂದು ಬಾಗಿಲು ಬಡಿದಿದ್ದ ಅತ್ತೆ ಆಮೇಲೆ ಹೇಳಿದ್ದು: "ಎಲ್ಲರೂ ಕಿರುಚಿದ್ರು, ಸರಿ. ಅಳಿಯಂದ್ರದ್ದೇ ಗಂಟಲು ಜೋರಾಗಿತ್ತು."

ನಾನು ಯಾರು?

ಭಾನುವಾರ ಸಂಜೆ ನೃತ್ಯ. ಕೆಲಸದವರು ಬಂದರು, ಆದರೆ ತೆರೆದ ಬಾಗಿಲ ಹತ್ತಿರವೇ ನಿಂತರು. ಹುಡುಗಿ ಕೂದಲು ಬಿಚ್ಚಿ ನೆಲಕ್ಕೆ ಬಿದ್ದಳು, ನಡುಗಿದಳು, ಉರುಳಿದಳು. "ನಾನು ಯಾರು? ನಾನು ಯಾರು?" ಎಂದು ಕೂಗಿದಳು.

"ಮೈಮೇಲೆ ಬಂದ್ಬಿಡ್ತು!" ಎಂದ ಭಾವ, ತೂಬಗೆರೆಯ ಪೂಜಾರಿಯನ್ನು ಕರೆತರುತ್ತೇನೆಂದು ಬೈಕ್ ಹತ್ತಿ ಮಾಯವಾದರು. ಯಾರೋ ಬೇವಿನ ಸೊಪ್ಪು ತಂದರು. ಇದು ನೃತ್ಯ ಎಂದು ಹೇಳಬೇಕಿದ್ದ ನಾನೂ ಎರಡು ಹೆಜ್ಜೆ ಹಿಂದೆ ಸರಿದೆ. ಆ ಕಣ್ಣುಗಳು ನಾನು ಪಾಠ ಹೇಳಿದ ಹುಡುಗಿಯವಾಗಿರಲಿಲ್ಲ.

ಅಡುಗೆ ಮನೆಯಿಂದ ಅತ್ತೆ ಸೌಟು ಹಿಡಿದೇ ಬಂದು ಎದುರಿಗೆ ಕೂತರು.

"ಯಾರಮ್ಮ ನೀನು? ಯಾವೂರು? ಯಾರ ಮನೆಯೋಳು?"

ನಡುವೆ ನೃತ್ಯ ನಿಲ್ಲಿಸುವುದು ಹುಡುಗಿಯ ಜಾಯಮಾನವಲ್ಲ. ನಡುಗುತ್ತಲೇ ಅಂದಳು: "ಗೊತ್ತಿಲ್ಲ."

ಕೆಲಸದವರು ಅಂಗಳಕ್ಕೆ ಸರಿದರು. ಹೆಸರು ಹೇಳುವ ದೆವ್ವಕ್ಕೆ ಏನಾದರೂ ಮಾಡಬಹುದು. ತಾನು ಯಾರೆಂದು ತನಗೇ ಗೊತ್ತಿಲ್ಲದ್ದನ್ನು ಏನು ಮಾಡುವುದು?

"ನಾಳೆ ನಾವ್ ಬರಲ್ಲ ಮೇಷ್ಟ್ರೇ. ನಿಮ್ ಭಾವಂಗೆ ಹೇಳ್ಬಿಡಿ" ಅಂದ ಒಬ್ಬ.

ಅತ್ತೆ ಬಿಡಲಿಲ್ಲ. "ಹೋಗ್ಲಿ, ಏನು ಕೊಟ್ರೆ ಹೋಗ್ತೀಯಾ? ಅದನ್ನಾದ್ರೂ ಹೇಳು."

ನಡುಕ ನಿಧಾನವಾಯಿತು. ಕುಣಿಯುವ ದಿನ ಹುಡುಗಿ ಬೆಳಗಿನಿಂದ ಏನೂ ತಿನ್ನುವುದಿಲ್ಲ. ಭಾವನಂತೂ ಕಾಫಿಯ ವಿಷಯದಲ್ಲಿ ಮಾತು ಉಳಿಸಿಕೊಂಡಿದ್ದರು. ಹಿಂದಿನ ಮನೆಯಿಂದ ಘಮ್ಮೆನ್ನುವ ವಾಸನೆ ಬರುತ್ತಿತ್ತು. ಅವಳು ಒಂದು ಕಣ್ಣು ತೆರೆದಳು.

"ಕೋಳಿ ಸಾರು."

ಅಂಗಳದಲ್ಲಿ ಎಲ್ಲರೂ ಉಸಿರು ಬಿಟ್ಟರು.

"ಕೋಳಿ ಕೇಳ್ತು! ಹಂಗಾದ್ರೆ ನಮ್ ಕಡೇದೇ ಬಿಡು ಗುರು."

ಅತ್ತೆ ಅವಳನ್ನು ಕರೆದೊಯ್ದು ಉಣ್ಣಲು ಕೂರಿಸಿದರು. ಕೆಲಸದವರು ಅಡುಗೆ ಮನೆಯ ಕಿಟಕಿಗೆ ಮುಖ ಒತ್ತಿ ನಿಂತು, ಅದು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುವುದನ್ನೂ ನೋಡಿದರು. ತೃಪ್ತಿಯಾಗಿ ಹೋದದ್ದು ತಿರುಗಿ ಬರುವುದಿಲ್ಲ. "ನಾಳೆ ಬೆಳಗ್ಗೆನೇ ಬರ್ತೀವಿ ಕಣಜ್ಜಿ" ಎಂದು ಹೊರಟರು. ಹುಡುಗಿಯೂ ಗೆಳೆಯರೊಂದಿಗೆ ಬಸ್ಸು ಹತ್ತಿದಳು.

ಕತ್ತಲಾದ ಮೇಲೆ ಭಾವ ತುಂತುರಿನಲ್ಲಿ ನೆನೆದು ಬಂದರು. ಪೂಜಾರಿ ಸಿಕ್ಕಿರಲಿಲ್ಲ. ಗೇಟಿನ ಆಚೆಯಿಂದಲೇ ಕೇಳಿದರು.

"ಹೋಯ್ತಾ?"

"ಹೋಯ್ತು. ಕೆಲಸದವರು ನಾಳೆ ಬರ್ತಾರಂತೆ" ಅಂದೆ.

ಭಾವ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು ನಿಟ್ಟುಸಿರು ಬಿಟ್ಟರು. "ಸದ್ಯ, ಶೆಡ್ ಉಳೀತು. ಅದಿರ್ಲಿ ಅವ್ವಾ, ಕೊನೆಗೆ ಏನು ಕೊಟ್ಟು ಕಳಿಸಿದ್ರಿ?"

ಅತ್ತೆ ಸಾರಿನ ಖಾಲಿ ಪಾತ್ರೆಯನ್ನು ಅವರ ಕಡೆ ಬಗ್ಗಿಸಿ ತೋರಿಸಿದರು.

"ನಿನ್ ಪಾಲು ಕಣೋ. ಮಜ್ಜಿಗೆ ಐತೆ, ಹಾಕ್ಲಾ?"